ಅದೃಷ್ಟದ ಟಿಕೆಟ್ಟು, ಹನ್ನೊಂದರ ಲೆಕ್ಕ

ಪೀಟರ್ಸ್‌ಬರ್ಗಿನ ಟ್ರಾಮಿನಲ್ಲಿ ಈಗ ಎಲ್ಲರೂ ಕಾರ್ಡು ತೋರಿಸಿ, ಪೀಂ ಅನ್ನಿಸಿ ಕೂತುಬಿಡುತ್ತಾರೆ. ಟಿಕೆಟ್ಟಿನ ಸಂಖ್ಯೆ ನೋಡುವ ವ್ಯವಧಾನ ಯಾರಿಗಿದೆ? ರಿಮ್ಮಾ ಮಾತ್ರ ಆ ಬೆಳಿಗ್ಗೆ ಕಂಡಕ್ಟರಮ್ಮನನ್ನು ಕಾಡಿ ಕಾಗದದ ಟಿಕೆಟ್ಟೇ ಪಡೆದಳು. ಗಂಡ ಗ್ಲೆಬ್‌ಗೆ ಅಂದು ಹೃದಯದ ಆಪರೇಷನ್. ಉಳಿಯುತ್ತಾನೋ ಇಲ್ಲವೋ ಎಂಬ ಭಯ ಹೊಕ್ಕವರಿಗೆ ಕಾಗದದ ಚೂರೂ ದೇವರೇ.

ಸಂಖ್ಯೆ ೫೨೭೬೮೦. ಮೊದಲ ಮೂರು ಅಂಕಿ ಕೂಡಿದರೆ ಹದಿನಾಲ್ಕು, ಕೊನೆಯ ಮೂರೂ ಹದಿನಾಲ್ಕು. ಹಾಗೆ ಸಮ ಬಂದರೆ ಅದೃಷ್ಟದ ಟಿಕೆಟ್ಟು. ಬೇಕಾದ್ದು ಬೇಡಿಕೊಂಡು ತಿಂದುಬಿಡಬೇಕು. ಬಾಯಿಯವರೆಗೆ ಒಯ್ದವಳು ತಡೆದಳು. ಇದು ಅವಳ ತವರು ಮಾಸ್ಕೋದ ಲೆಕ್ಕ. ಗ್ಲೆಬ್‌ನದು ಈ ಊರಿನದು: ಒಂದು ಬಿಟ್ಟು ಒಂದು ಅಂಕಿ ಕೂಡಿ, ಉಳಿದವನ್ನು ಬೇರೆ ಕೂಡಬೇಕು. ಆ ಎರಡು ಮೊತ್ತ ಸಮವಾದರೆ ಇಡೀ ಸಂಖ್ಯೆ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಷ್ಟೂ ಗುಣವಿಲ್ಲದ ಸಂಖ್ಯೆಯನ್ನು ಗಣಿತದ ಮೇಷ್ಟ್ರಾದ ಗ್ಲೆಬ್ ನಂಬುತ್ತಾನೆಯೇ?

ಅವರಿಬ್ಬರೂ ಗಂಟುಬಿದ್ದದ್ದೇ ಈ ಜಗಳದಿಂದ. ಊರಿಗಿನ್ನೂ ಲೆನಿನ್‌ಗ್ರಾಡ್ ಎಂಬ ಹೆಸರಿದ್ದ ಕಾಲ. ಪರೀಕ್ಷೆಗೆ ಹೊರಟ ರಿಮ್ಮಾ ಟ್ರಾಮಿನ ಪೆಟ್ಟಿಗೆಗೆ ಕಾಸು ಹಾಕಿ ಸುರುಳಿಯಿಂದ ಟಿಕೆಟ್ಟು ಹರಿದು, ಕೂಡಿ ನೋಡಿ, ಹಿಗ್ಗಿ, ಗುಳುಂ ಮಾಡಿದಳು. ಮುಂದಿನ ನಿಲ್ದಾಣದಲ್ಲೇ ತಪಾಸಣೆಯವನು ಹತ್ತಬೇಕೇ! ತಿಂದೆ ಎಂದರೆ ದಂಡ ತಪ್ಪೀತೇ? ಅವಳಿಗಿಂತ ಮುಂಚೆ ಟಿಕೆಟ್ಟು ಹರಿದಿದ್ದ ಸಣಕಲು ಹುಡುಗನೊಬ್ಬ ಎದ್ದು ಬಂದ. ತನ್ನದನ್ನೂ ಅವಳ ನಂತರ ಹರಿದಿದ್ದ ಅಜ್ಜಿಯದನ್ನೂ ಪಕ್ಕಪಕ್ಕ ಹಿಡಿದ.

"ನಡುವೆ ಒಂದು ಸಂಖ್ಯೆ ಇಲ್ಲ ನೋಡಿ ಕಾಮ್ರೇಡ್. ಅದು ಇವರ ಹೊಟ್ಟೇಲಿದೆ."

ತಪಾಸಣೆಯವನು ನಕ್ಕು ಮುಂದೆ ಹೋದ. ಹುಡುಗ ಇಳಿಯುವ ಮುನ್ನ ಪಿಸುಗುಟ್ಟಿದ: "ಸುಮ್ನೆ ಕಾಗದ ತಿಂದ್ರಿ. ಅದು ಹನ್ನೊಂದರಿಂದ ಭಾಗ ಆಗಲ್ಲ."

ಅವಳು ಪಾಸೂ ಆದಳು, ಅವನನ್ನೇ ಮದುವೆಯೂ ಆದಳು. ಅಲ್ಲಿಂದಾಚೆ ಅವಳು ಟಿಕೆಟ್ಟು ತಿಂದಾಗಲೆಲ್ಲ, ಮಾಸ್ಕೋದವರಿಗೆ ಕಾಗದವೂ ಕಜ್ಜಾಯ ಎಂದು ಅವನು ಛೇಡಿಸುತ್ತಿದ್ದ. ಅವಳು ಮುನಿಸಿಕೊಳ್ಳುತ್ತಿದ್ದಳು. ಎಂಥ ಸುಖದ ದಿನಗಳವು ಎಂದು ಈಗ ಟ್ರಾಮಿನ ಕಿಟಕಿಗೆ ಹಣೆ ಒತ್ತಿ ಅತ್ತಳು.

ಆಸ್ಪತ್ರೆಯಲ್ಲಿ ಟಿಕೆಟ್ಟನ್ನು ನೇರ ಅವನ ಬಾಯಿಗೇ ಹಿಡಿದಳು. ನರ್ಸು ಗದರಿದಳು, ಆಪರೇಷನ್ನಿಗೆ ಮುಂಚೆ ಹನಿ ನೀರೂ ಕೂಡದಂತೆ, ಇನ್ನು ಕಾಗದವೇ? ಗ್ಲೆಬ್ ಟಿಕೆಟ್ಟನ್ನು ಕಣ್ಣಿನ ಹತ್ತಿರ ತಂದು ತುಟಿಯಲ್ಲೇ ಕೂಡಿದ.

"ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಎಂಟು. ಹನ್ನೊಂದರಿಂದ ಭಾಗಿಸಿದ್ರೆ ಹತ್ತು ಉಳಿಯುತ್ತೆ ಕಣೇ."

ಗೊತ್ತು ಎಂದಳು ರಿಮ್ಮಾ. ಗಾಲಿಮಂಚ ತಳ್ಳುವವರು ಬಂದು ನಿಂತರು. ಗ್ಲೆಬ್ ಟಿಕೆಟ್ಟನ್ನು ಅವಳ ಅಂಗೈಗೆ ಒತ್ತಿದ.

"ರಿಮ್ಮೋಚ್ಕಾ, ನನ್ನ ಪಾಲಿಂದೂ ನೀನೇ ತಿನ್ನು. ಈಗಲೇ, ನನ್ನೆದುರಿಗೆ."

ಅವಳು ಜಗಿಯತೊಡಗಿದಳು. ಶಾಯಿ ಅಂದಿನಷ್ಟೇ ಕಹಿಯಾಗಿತ್ತು. ಮಂಚ ಬಾಗಿಲು ದಾಟುವವರೆಗೂ ಅವನು ತಲೆಯೆತ್ತಿ, ಅವಳು ಪೂರ್ತಿ ನುಂಗಿದಳೋ ಇಲ್ಲವೋ ಎಂದು ನೋಡುತ್ತಲೇ ಇದ್ದ.