ಬೆಂಚು ಕಿತ್ತ ಉದ್ಯಾನ

ನಮ್ಮಣ್ಣ ನಗರಸಭೆಯ ಆರೋಗ್ಯಾಧಿಕಾರಿ. ಮನೆಯಲ್ಲಿ ಅವನ ಅಡ್ಡಹೆಸರು ಉಪದೇಶಿ. ಊಟಕ್ಕೆ ಕೂತರೆ ಉಪ್ಪಿನ ಮೇಲೊಂದು ಭಾಷಣ, ಎಣ್ಣೆಯ ಮೇಲೊಂದು ಭಾಷಣ. ಕೇಳುತ್ತ ಕೇಳುತ್ತ ನಮ್ಮ ಊಟ ಆರಿಹೋಗುತ್ತಿತ್ತು, ಅವನ ತಟ್ಟೆ ಮಾತ್ರ ಅದು ಹೇಗೋ ಖಾಲಿಯಾಗಿರುತ್ತಿತ್ತು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ಊರಿನಿಂದಲೇ ಓಡಿಸಲು ಅವನ ಸಮಿತಿ ಸಭೆ ಸೇರಿತು. ಸಿಹಿ ಚಹಾ, ಕರಿದ ತಿಂಡಿ ಮತ್ತೆ ಮತ್ತೆ ತರಿಸಿಕೊಂಡು ಆ ಮಹನೀಯರು ಕಂಡುಹಿಡಿದದ್ದಿಷ್ಟು: ಜನ ಉದ್ಯಾನಕ್ಕೆ ಬಂದು ನಡೆಯುವುದಿಲ್ಲ, ಕೂರುತ್ತಾರೆ. ಯಾಕೆ ಕೂರುತ್ತಾರೆ? ಬೆಂಚು ಇದೆ, ಅದಕ್ಕೆ. ಹಾಗಾದರೆ ಬೆಂಚು ಕಿತ್ತುಹಾಕಿ. ಇಂಥ ಬುದ್ಧಿ ಒಂಟಿ ತಲೆಗೆ ಹೊಳೆಯುವಂಥದ್ದಲ್ಲ, ಅದಕ್ಕೆ ಸಮಿತಿಯೇ ಬೇಕು.

ಉದ್ಯಾನದ ಎದುರಿಗೇ ನನ್ನ ಹೊಲಿಗೆ ಅಂಗಡಿ. ಅಪ್ಪ ದಿನಾ ಬೆಳಿಗ್ಗೆ ಅಲ್ಲಿ ನಡೆಯುವುದನ್ನು ಮಷೀನಿನ ಮುಂದೆ ಕೂತೇ ನೋಡುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ. ಸ್ವಲ್ಪ ದೂರ ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕೂತರೆ ಬಿಡುತ್ತದೆ.

"ನೋವು ಬಂದ್ರೆ ಕೂತ್ಕೊಳ್ಳಿ, ಹೋದ್ಮೇಲೆ ಮತ್ತೆ ನಡೀರಿ. ನಡೆಯೋದು ಬಿಟ್ರೆ ಕಾಲು ಉಳಿಯೋದು ಕಷ್ಟ" ಎಂದಿದ್ದರು ಡಾಕ್ಟರು. ಹಾಗಾಗಿ ಬೆಂಚಿನಿಂದ ಬೆಂಚಿಗೆ ಅಪ್ಪನ ನಡಿಗೆ.

ಬೆಂಚುಗಳು ಹೋಗಿ ಅಲ್ಲೊಂದು ಫಲಕ ಬಂತು: 'ಕೂತರೆ ರೋಗ, ನಡೆದರೆ ಆರೋಗ್ಯ.' ಅವತ್ತು ಅಪ್ಪ ದೀಪದ ಕಂಬ ತಬ್ಬಿಕೊಂಡು ನಿಂತಿದ್ದರು. ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಓಡಿದೆ. ಮರುದಿನದಿಂದ ಅವರು ಮಂಚ ಬಿಟ್ಟು ಏಳಲಿಲ್ಲ.

ಅಣ್ಣ ಮನೆಗೆ ಬಂದಾಗ ತರಾಟೆಗೆ ತೆಗೆದುಕೊಂಡೆ. "ನಿನ್ನ ಯೋಜನೆಯಿಂದ ಅಪ್ಪನ ಕಾಲೇ ಹೋಗುತ್ತೆ, ಗೊತ್ತಾ?"

"ಒಬ್ರಿಗೋಸ್ಕರ ಯೋಜನೆ ಬದಲಾಯಿಸೋಕಾಗಲ್ಲಮ್ಮಾ. ಈಗ ಉದ್ಯಾನದಲ್ಲಿ ಕೂರೋರು ಒಬ್ಬರೂ ಇಲ್ಲ, ನೋಡಿದ್ಯಾ?"

"ನಡೆಯೋರು ಇದಾರಾ?"

ಅದೇ ಹೊತ್ತಿಗೆ ಅವನಿಗೆ ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು.

"ಬೆಂಚುಗಳನ್ನ ಏನ್ ಮಾಡ್ದೆ?" ಮಂಚದಿಂದ ಅಪ್ಪ ಕೇಳಿದರು.

"ನಮ್ಮ ಕಚೇರಿ ಕಾರಿಡಾರ್‌ನಲ್ಲಿ ಹಾಕ್ಸಿದೀನಪ್ಪಾ. ಜನ ಕಾದೂ ಕಾದೂ ಸುಸ್ತಾಗ್ತಾರೆ, ಪಾಪ."

"ಕಾರಿಡಾರ್ ಉದ್ದ ಇದೆಯೇನೋ?"

"ಈ ತುದೀಲಿ ನಿಂತ್ರೆ ಆ ತುದೀಲಿರೋರ ಮುಖ ಕಾಣಲ್ಲ!" ಎಂದ ಅಣ್ಣ, ತಾನೇ ಕಟ್ಟಿಸಿದವನ ಹಾಗೆ.

ಅಪ್ಪ ಹೂಂ ಎಂದರು. ಬೆಳಗಾಗುತ್ತಲೇ ಬೂಟು ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು.

ವಾರ ಕಳೆಯುವಷ್ಟರಲ್ಲಿ ಉದ್ಯಾನದ ಹಳೆಯ ಬಳಗವೆಲ್ಲ ಕಾರಿಡಾರ್‌ಗೆ ಬಂದು ಸೇರಿತ್ತು: ಮಂಡಿನೋವಿನ ಮೇಷ್ಟ್ರು, ಉಬ್ಬಸದ ಕಿರಾಣಿ ಅಂಗಡಿಯವರು, ಊರುಗೋಲಿನ ಅಜ್ಜಿ. ಯಾವ ಕೆಲಸಕ್ಕೆ ಬಂದಿರಿ ಎಂದು ಜವಾನ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ನಡೆಯೋಕೆ."

ಒಂದು ಬೆಂಚು ಅಣ್ಣನ ಕೋಣೆಯ ಬಾಗಿಲಿಗೇ ಇತ್ತು. ಅಪ್ಪ ಅಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಾಗ ಅಣ್ಣ ಹೊರಗೆ ಬಂದ. ಮುಖ ಕೆಂಪಗಾಗಿತ್ತು.

"ಅಪ್ಪಾ, ಇದು ಕಚೇರಿ. ಎಲ್ಲರೂ ನಗ್ತಿದಾರೆ. ನನ್ನ ಮರ್ಯಾದೆ ಏನಾಗ್ಬೇಕು?"

"ತೊಂದ್ರೆ ಆದ್ರೆ ಇಲ್ಲಿಂದಾನೂ ಕೀಳ್ಸಪ್ಪಾ," ಎಂದರು ಅಪ್ಪ, ಸಿಟ್ಟೇ ಇಲ್ಲದೆ. "ಎಲ್ಲಿಗೆ ಸಾಗಿಸ್ತೀಯ ಅಂತ ಮಾತ್ರ ಮೊದ್ಲೇ ಹೇಳ್ಬಿಡು. ನಾಳೆ ಎಲ್ಲರೂ ಅಲ್ಲಿಗೇ ಬರ್ತೀವಿ."

ಆಮೇಲೆ ಮೀನಖಂಡ ಒತ್ತಿ ನೋಡಿಕೊಂಡು, "ಬಿಡ್ತು" ಎಂದು ಎದ್ದು, ಮುಂದಿನ ಬೆಂಚಿನ ಕಡೆ ನಡೆದರು.