ಸುನಂದಾಳ ಸೀರೆ ಹೇಳಿದ ದಿನ

ಇಳಕಲ್ಲಿನ ನೇಕಾರ ಹೊಳಬಸಪ್ಪನಿಗೆ ಮೊದಲು ಅನುಮಾನ ಬಂದದ್ದು ಹೆಂಡತಿಯ ಮೇಲೆಯೇ. ಮೂವತ್ತು ವರ್ಷ ಕಣ್ಣು ಮುಚ್ಚಿ ಮಗ್ಗ ನಡೆಸಿದ ಸುನಂದಾ ಈಗ ಎಳೆ ತಪ್ಪಿಸುತ್ತಿದ್ದಳು.

“ನನ್ನ ಮ್ಯಾಲಿನ ಸಿಟ್ಟು ಸೀರಿ ಮ್ಯಾಲ ತೀರಿಸ್ತೀ ಏನು?” ಎಂದು ರೇಗಿದ. ಅವಳು ಮತ್ತೆ ನೂಲಿನ ಲಾಳಿ ಎತ್ತಿಕೊಂಡಳು. ಲಾಳಿ ಹಿಡಿದ ಕೈ ನಡುಗುತ್ತಿತ್ತು.

ಆಮೇಲೆ ಮಗಳ ಹೆಸರು ಮರೆತಳು, ನಡೆಯುವಾಗ ವಾಲತೊಡಗಿದಳು. ಒಬ್ಬ ಡಾಕ್ಟರು ಚಿಂತೆ ಎಂದರು, ಇನ್ನೊಬ್ಬರು ಲಕ್ವಾ ಇರಬಹುದೆಂದರು, ಮೂರನೆಯವರು ವಯಸ್ಸು ಎಂದರು. ಅನುಮಾನ ಈಗ ಡಾಕ್ಟರುಗಳ ಕಡೆ ತಿರುಗಿತು. ಕೆಟ್ಟ ಸೀರೆ ಯಾರಿಗೂ ಕಾಣದಿರಲೆಂದು ಅವನು ಮಗ್ಗಕ್ಕೆ ಚಾದರ ಹೊದಿಸಿಬಿಟ್ಟ.

ಓಣಿಯ ಆಶಾ ಕಾರ್ಯಕರ್ತೆ ಮಾಯಾ ಬಂದಳು. “ಕಾಕಾ, ಕಾಕಿನ್ನ ನರರೋಗದ ಡಾಕ್ಟರ ಕಡೆ ಕರಕೊಂಡು ಹೋಗೂಣು.”

“ಅವರು ಬೆನ್ನಾಗಿನ ನೀರು ತಗೀತಾರ, ಕಾಲು ಹೋಗ್ತಾವ. ನಿನಗೇನು ಕಮಿಷನ್ ಕೊಡ್ತಾರೇನು?”

ಆ ಮಾತು ಮಾಯಾಳಿಗೆ ಚುಚ್ಚಿತು. ಆದರೂ ಎದ್ದು ಹೋಗಲಿಲ್ಲ. “ಯಾವಾಗ ಸುರು ಆತು, ಅದನ್ನರ ಹೇಳ್ರಿ.”

“ಯಾರಿಗ್ಗೊತ್ತು? ದಿನಾ ನೋಡಿ ನೋಡಿ ವರ್ಷ ಆದಂಗ ಆಗೇತಿ. ಡಾಕ್ಟರಿಗೂ ವರ್ಷ ಅಂತನ ಹೇಳೇನಿ.”

ಮಾಯಾ ಚಾದರ ಸರಿಸಿದಳು. ಸೀರೆಯ ಮೊದಲ ಮೊಳಗಳಲ್ಲಿ ಒಂದೂ ತಪ್ಪಿಲ್ಲ. ಮುಂದೆ ಅಲ್ಲಲ್ಲಿ ಎಳೆ ಬಿಟ್ಟಿತ್ತು. ಕೊನೆಯ ಗೇಣು ಪೂರಾ ಜಾಳುಜಾಳು.

“ಕಾಕಿ ಈ ಸೀರಿ ಯಾವತ್ತು ನೇಯಾಕ ಹಿಡಿದ್ಲು?”

“ಬಸವ ಜಯಂತಿ ಮರುದಿನ.” ಹೇಳುತ್ತಲೇ ಅವನು ಬೆರಳು ಎಣಿಸಿದ. ಅದಾಗಿ ಇಪ್ಪತ್ತೇ ದಿನ.

“ವಯಸ್ಸಾಗೂದು ಇಪ್ಪತ್ತು ದಿನದಾಗ ಆಗೂದಿಲ್ಲ ಕಾಕಾ. ನೀವು ವರ್ಷ ಅಂದ್ರ ಅವರೂ ನಿಧಾನ ಬರೂ ರೋಗಾನ ಹುಡುಕ್ತಾರ.”

ಮರುದಿನವೇ ಹೊರಟರು. ಮಾಯಾ ಫೋನಿನಲ್ಲಿ ತೆಗೆದ ಸೀರೆಯ ಫೋಟೋ ನೋಡಿ, ಇಪ್ಪತ್ತು ದಿನ ಎಂದು ಕೇಳಿ ನರರೋಗದ ಡಾಕ್ಟರು ಕುರ್ಚಿ ಮುಂದೆ ಎಳೆದುಕೊಂಡರು. “ಇಷ್ಟು ಲಗೂ ಮಿದುಳು ಕೆಡಿಸೂ ರೋಗ ಅಪರೂಪ. ಕೆಲವಕ್ಕ ಔಷಧ ಇಲ್ಲ, ಕೆಲವಕ್ಕ ಐತಿ. ಯಾವುದಂತ ತಿಳಿಯಾಕ ಬೆನ್ನಿನ ನೀರು ಪರೀಕ್ಷಾ ಮಾಡಬೇಕ್ರಿ. ಅದರಿಂದ ಕಾಲು ಹೋಗೂದಿಲ್ಲ.”

ಹೊಳಬಸಪ್ಪ ಅಳುಕುತ್ತಲೇ ಸಹಿ ಹಾಕಿದ. ಪರೀಕ್ಷೆಯಲ್ಲಿ ತಿಳಿಯಿತು, ಮಿದುಳಿಗೆ ಬಾವು ಬಂದಿತ್ತು. ಪುಣ್ಯಕ್ಕೆ, ಔಷಧ ಇರುವ ರೋಗ.

ಮೂರು ತಿಂಗಳ ನಂತರ ಸುನಂದಾ ಗೋಡೆ ಹಿಡಿದು ಬಂದು ಮಗ್ಗದ ಮುಂದೆ ಕೂತಳು. ಬಟ್ಟೆಯ ಮೇಲೆ ಕೈಯಾಡಿಸಿದಳು. “ಇದನ್ನ ಯಾರ್ರೀ ಕೆಡಿಸಿದವರು?”

“ರೋಗ,” ಎಂದ ಹೊಳಬಸಪ್ಪ. “ತಪ್ಪನ್ನ ನಾ ನಿನ್ನ ಮ್ಯಾಲ ಹಾಕಿದ್ದೆ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಕೆಲವೇ ದಿನಗಳಲ್ಲಿ ಮರೆವು, ನಡುಕ, ನಡಿಗೆಯ ತೊಡಕು ಬಂದರೆ ತಡಮಾಡಬೇಡಿ. ಯಾವ ದಿನ ಏನು ತಪ್ಪಿತು ಎಂದು ಬರೆದಿಡಿ, ಫೋನಿನಲ್ಲಿ ಹಿಡಿದಿಡಿ, ಡಾಕ್ಟರಿಗೆ ತೋರಿಸಿ. ಅನುಮಾನ ಪಡುವುದಾದರೆ ರೋಗದ ಮೇಲೆ ಪಡಿ, ರೋಗಿಯ ಮೇಲಲ್ಲ.