ಗುಳ್ಳೆ ಮೇಲೆ, ಗಾಜು ಕೆಳಗೆ

ಗಾಜಿನ ಚೂರಿದ್ದ ಹನ್ನೊಂದು ಪೆಟ್ಟಿಗೆ ಜಿನ್ನನ್ನು ಅಕ್ಕ ಬೇರೆ ತೆಗೆದಿಟ್ಟು, ಒಂದೊಂದಕ್ಕೂ ಕೆಂಪು ಚೀಟಿ ಅಂಟಿಸಿದಳು. ಊಟದ ಹೊತ್ತಿನಲ್ಲಿ ಮ್ಯಾನೇಜರ್ ಚೀಟಿಗಳನ್ನು ಕಿತ್ತುಹಾಕಿ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದ. ಹತ್ತು ದಿನಕ್ಕೆ ಯಾವನೋ ಗಿರಾಕಿಯ ಗಂಟಲನ್ನು ಆ ಗಾಜು ಕೊಯ್ದಿತು. ಗಾಜು ಕಾಣದೆ ಬಿಟ್ಟಳೆಂದು ಅಕ್ಕನನ್ನು ಕೆಲಸದಿಂದ ತೆಗೆದರು.

ಸೋಮವಾರ ವಿಚಾರಣೆ. ಅಷ್ಟರೊಳಗೆ ತಂಗಿಯ ಸಹಿ ಬೇಕಾಗಿತ್ತು. ಬಾಟಲಿಗೆ ಜಿನ್ ತುಂಬುವ ಆ ಕಾರ್ಖಾನೆಯಲ್ಲಿ ಅಕ್ಕತಂಗಿಯರಿಬ್ಬರೂ ಏಳು ವರ್ಷ ಒಂದೇ ಬೆಳಕಿನ ಪರದೆಯ ಮುಂದೆ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು, ತುಂಬಿದ ಬಾಟಲಿಗಳನ್ನು ತಲೆಕೆಳಗು ಮಾಡಿ ಕಸ ಹುಡುಕುತ್ತ ದುಡಿದವರು. ‘ಅಕ್ಕ ಆ ದಿನ ತೂಕಡಿಸುತ್ತಿದ್ದಳು, ಚೀಟಿ ಗೀಟಿ ಯಾವುದನ್ನೂ ಅಂಟಿಸಿದ್ದನ್ನು ನಾನು ಕಾಣೆ’ ಎಂದು ಒಡಹುಟ್ಟಿದವಳೇ ಬರೆದುಕೊಟ್ಟರೆ ಮತ್ತೆ ಬಾಯಿ ತೆರೆಯುವವರು ಯಾರು? ಭಾನುವಾರ ಮಧ್ಯಾಹ್ನ ಮನೆಗೆ ಬಂದು ಸಹಿ ಹಾಕಿ ಹೋಗು ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದ. ಹಾಕಿದರೆ ಅಕ್ಕನ ಜಾಗ, ಮೇಲ್ವಿಚಾರಕಿಯ ನೀಲಿ ಕೋಟು. ಹಾಕದಿದ್ದರೆ ಅಕ್ಕನ ಜೊತೆಗೇ ಗೇಟಿನಾಚೆ.

ಅಕ್ಕನೇ ಅವಳನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದಳು. “ಹಾಕಿಬಿಡೇ ಸಹಿ. ನಂದಂತೂ ಹೋಯ್ತು. ನಿಂದೂ ಕಳ್ಕೊಂಡು ಇಬ್ರೂ ಗೋಡೆ ನೋಡ್ಕೊಂಡು ಕೂರೋದಾ?”

“ನೀನು ತೂಕಡಿಸ್ತಿದ್ದೆ ಅಂತ ಬರೀಬೇಕಂತೆ ಕಣೇ.”

“ಬರಿ. ಏಳು ವರ್ಷದಲ್ಲಿ ಒಂದು ದಿನ ನಿದ್ದೆ ಮಾಡಿದ್ದೆ ಅಂದ್ಕೋತೀನಿ,” ಎಂದು ಅಕ್ಕ ನಕ್ಕಿದ್ದಳು. ಆ ನಗು ತಂಗಿಯ ಎದೆಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು.

ಕಾರ್ಖಾನೆಯಲ್ಲಿ ಮ್ಯಾನೇಜರನಿಗಿದ್ದ ಅಡ್ಡಹೆಸರು ಕಲಕಪ್ಪ. ಆತನಿಗೆ ಕಾಕ್‌ಟೇಲ್ ಕಲಕುವ ಹುಚ್ಚು. ಮನೆಯ ಹಜಾರದ ಒಂದು ಮೂಲೆಯನ್ನೇ ಬಾರ್ ಮಾಡಿಕೊಂಡಿದ್ದ. ಅಮೃತಶಿಲೆಯ ಕಟ್ಟೆ, ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಸೈನಿಕರಂತೆ ಸಾಲುಗಟ್ಟಿದ ಬಾಟಲಿಗಳು. ಅಳತೆಗೆ ಒಂದು ಬೆಳ್ಳಿಯ ಬಟ್ಟಲು, ಸೋಸಲು ಮೂರು ಬಗೆಯ ಜಾಲರಿ, ನಿಂಬೆಯ ಸಿಪ್ಪೆ ಹೆರೆಯಲೆಂದೇ ಒಂದು ಚಾಕು. ಭಾನುವಾರ ಬಂತೆಂದರೆ ನಾಲ್ಕು ಜನರನ್ನು ಗುಡ್ಡೆಹಾಕಿ, ಕುಡಿಯಲು ಒಂದು ಗುಟುಕು ಕೊಡುವ ಮೊದಲು ಒಂದು ಗಂಟೆಯ ಉಪನ್ಯಾಸ. ಬಂದವರು ಒಣಗಿದ ಗಂಟಲಲ್ಲಿ ತಲೆಯಾಡಿಸಬೇಕು.

ಆ ದಿನ ಸಿಕ್ಕಿಬಿದ್ದವರು ಮೂವರು: ಒಬ್ಬ ದಂತವೈದ್ಯ, ಅವನ ಹೆಂಡತಿ, ಕಲಕಪ್ಪನ ಷಡ್ಡಕ.

“ಬಂದ್ಯಾ? ಸ್ವಲ್ಪ ತಡಿ,” ಎಂದ ಕಲಕಪ್ಪ. ಕಾಗದ ಕಟ್ಟೆಯ ತುದಿಯಲ್ಲಿತ್ತು, ಮೇಲೊಂದು ಪೆನ್ನು. “ಸುಮ್ನೆ ನಿಂತಿರೋ ಬದ್ಲು ಈ ಗ್ಲಾಸುಗಳನ್ನ ಒರೆಸು. ಇವಳು ನಮ್ಮ ಕಾರ್ಖಾನೆಯ ಕಣ್ಣು ಕಣ್ರೀ. ಒಂದು ಕೂದಲೆಳೆ ಇದ್ರೂ ಹಿಡೀತಾಳೆ.”

ಕಾರ್ಖಾನೆಯ ಕಣ್ಣು ಗ್ಲಾಸು ಒರೆಸತೊಡಗಿತು.

ಕಲಕಪ್ಪನ ಉಪನ್ಯಾಸ ಮಂಜುಗಡ್ಡೆಯ ಬಗ್ಗೆ ಸಾಗಿತ್ತು. “ನೀರನ್ನ ಎರಡು ಸಲ ಕುದಿಸ್ಬೇಕು. ಎರಡು ದಿನ ನಿಧಾನಕ್ಕೆ ಹೆಪ್ಪುಗಟ್ಟಿಸ್ಬೇಕು. ಆಗ್ಲೇ ಹೀಗೆ ಸ್ಫಟಿಕದ ಹಾಗೆ ಬರೋದು. ಮಬ್ಬಾಗಿರೋ ಐಸು ಹಾಕಿದ್ರೆ ಡ್ರಿಂಕಿಗೆ ಅವಮಾನ.”

ಡ್ರಿಂಕಿಗೆ ಅವಮಾನ! ಕಾರ್ಖಾನೆಯಲ್ಲಿ ಹೆಂಗಸರು ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ಮೂರು ತಿಂಗಳಾಗಿತ್ತು. ಅವರು ಮನೆಯಿಂದ ಬಾಟಲಿ ಹೊತ್ತು ತರುತ್ತಿದ್ದರು. ಇಲ್ಲಿ ಈ ಮಹಾಶಯ ಮಂಜುಗಡ್ಡೆಗಾಗಿ ಎರಡೆರಡು ಸಲ ನೀರು ಕುದಿಸುತ್ತಿದ್ದ.

ರಮ್ ಕುಡಿತದ ಒಂದು ಸುತ್ತು ಮುಗಿಯಿತು. “ಈಗ ನನ್ನ ಪ್ರೀತಿಯದು,” ಎಂದು ಕಲಕಪ್ಪ ಕನ್ನಡಿಯ ಮುಂದಿನ ಸಾಲಿನಿಂದ ಒಂದು ಬಾಟಲಿಯನ್ನು ಎತ್ತಿಕೊಂಡ, ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ. ಉದ್ದ ಕತ್ತಿನ, ತಿಳಿಗಾಜಿನ ವಿದೇಶಿ ಬಾಟಲಿ. “ಜಿನ್ ಅಂದ್ರೆ ಇದು. ನಮ್ಮ ಕಾರ್ಖಾನೆಯದೆಲ್ಲ ಇದರ ಮುಂದೆ ಪಾತ್ರೆ ತೊಳೆದ ನೀರು.”

ಷಡ್ಡಕ ಕಣ್ಣು ಕಿರಿದು ಮಾಡಿ ನೋಡಿದ. “ನಾನು ತಂದ್ಕೊಟ್ಟಿದ್ದಲ್ವಾ ಅಣ್ಣ? ನಾಲ್ಕು ವರ್ಷ ಆಯ್ತು. ಇನ್ನೂ ಮುಗಿದಿಲ್ವಾ? ಅಕ್ಷಯಪಾತ್ರೆನಾ ಇದು?”

“ಹನಿ ಹನಿಯಾಗಿ ಕುಡಿಯೋನು ನಾನು. ನಿನ್ನ ಹಾಗೆ ಮೊಗೆದು ಸುರ್ಕೊಳ್ಳೋನಲ್ಲ.” ಎಲ್ಲರೂ ನಕ್ಕರು. “ಇದನ್ನ ಕುಲುಕಬಾರ್ದು, ಕಲಕಬೇಕು. ಕುಲುಕಿದ್ರೆ ಜಿನ್ನಿಗೆ ಪೆಟ್ಟಾಗುತ್ತೆ. ನೋವಾಗುತ್ತೆ ಪಾಪ, ಅಷ್ಟು ನಾಜೂಕು.”

ಗಂಟಲು ಕೊಯ್ಸಿಕೊಂಡ ಗಿರಾಕಿಯ ನೋವಿನ ಬಗ್ಗೆ ಈ ಬಾಯಿ ಇದುವರೆಗೆ ಒಂದು ಮಾತೂ ಆಡಿರಲಿಲ್ಲ.

“ಏಯ್, ಕಟ್ಟೆ ಕೆಳಗೆ ಜಿನ್ನಿಗೆ ಬೆರೆಸೋ ಟಾನಿಕ್ ನೀರಿದೆ, ಎರಡು ಬಾಟ್ಲಿ ಕೊಡು.”

ತಂಗಿ ಬಗ್ಗಿದಳು. ಕಟ್ಟೆಯ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಟಾನಿಕ್ ಬಾಟಲಿಗಳ ನಡುವೆ ಐದಾರು ಖಾಲಿ ಜಿನ್ ಬಾಟಲಿಗಳು, ಎಲ್ಲವೂ ಅವರ ಕಾರ್ಖಾನೆಯವೇ. ಪೆಟ್ಟಿಗೆಯ ಮಗ್ಗುಲಲ್ಲಿ ಕೆಂಪು ಕಾಗದದ ಒಂದು ಚೂರು.

ಅಕ್ಕನ ಗೋಂದು ಕಾರ್ಖಾನೆಯಲ್ಲೆಲ್ಲ ತಮಾಷೆಯ ವಿಷಯ. ಬೇರೆಯವರು ಚೀಟಿಯ ಎರಡು ಮೂಲೆಗೆ ಹಚ್ಚಿದರೆ ಅವಳು ನಾಲ್ಕು ಮೂಲೆಗೂ ನಡುವಿಗೂ ಬಳಿಯುವಳು. ನಿಮ್ಮಕ್ಕನ ಚೀಟಿ ಕಿತ್ತರೆ ರಟ್ಟೇ ಕಿತ್ತು ಬರುತ್ತೆ ಎಂದು ಲಾರಿಗೆ ಹೇರುವವರು ಬೈಯುತ್ತಿದ್ದರು. ಇಲ್ಲಿ ರಟ್ಟೂ ಬಂದಿರಲಿಲ್ಲ, ಚೀಟಿಯೂ ಪೂರ್ತಿ ಬಂದಿರಲಿಲ್ಲ. ಉಳಿದಿದ್ದ ಮೂಲೆಯಲ್ಲಿ ಅಕ್ಕನ ದುಂಡು ಅಕ್ಷರ: ‘ಗಾಜು’. ಅದರ ಕೆಳಗೆ ತಾರೀಖು.

ಹತ್ತು ಪೆಟ್ಟಿಗೆ ಲಾರಿಗೆ ಹೋಗಿತ್ತು, ಹನ್ನೊಂದನೆಯದು ಸಾಹೇಬರ ಕಾರಿಗೆ. ಗಾಜು ಎಂದು ಅಕ್ಕ ಬಡಕೊಂಡದ್ದನ್ನು ಆತ ನಂಬಿಯೇ ಇರಲಿಲ್ಲ. ಹದಿನಾಲ್ಕು ವರ್ಷ ಮ್ಯಾನೇಜರ್ ಆಗಿದ್ದರೂ ಒಂದೇ ಒಂದು ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದ ಆಸಾಮಿಯಲ್ಲ. ಹೆಂಗಸರು ಕೆಲಸ ತಪ್ಪಿಸಿಕೊಳ್ಳಲು ಗುಳ್ಳೆಯನ್ನೇ ಗಾಜು ಅನ್ನುತ್ತಾರೆ ಎಂಬುದು ಆತನ ಸಂಶೋಧನೆ. ಪುಕ್ಕಟೆ ಸಿಕ್ಕಿದ ಪಾತ್ರೆ ತೊಳೆದ ನೀರನ್ನು ಷಡ್ಡಕನ ಬಾಟಲಿಗೆ ಬಗ್ಗಿಸಿ, ಅದನ್ನೇ ಮೂಸಿ ಕಣ್ಣು ಮುಚ್ಚುತ್ತಿದ್ದ.

ತಂಗಿ ಎದ್ದು ನಿಂತಳು. ದಂತವೈದ್ಯನ ಹೆಂಡತಿಯ ಗ್ಲಾಸಿಗೆ ಕಲಕಪ್ಪ ಜಿನ್ ಸುರಿದಾಗಿತ್ತು.

“ಕುಡೀಬೇಡಿ ಅಮ್ಮ.”

ತಂಗಿ ಕಟ್ಟೆಯ ಮೇಲಿನ ಬಾಟಲಿಯನ್ನೆತ್ತಿ, ಬಿರಡೆ ಒತ್ತಿ, ಕಿಟಕಿಯ ಬಿಳಿ ಪರದೆಯ ಮುಂದೆ ಹಿಡಿದಳು. ಹೊರಗೆ ಮಧ್ಯಾಹ್ನದ ಬಿಸಿಲಿತ್ತು. ದಿನಕ್ಕೆ ಸಾವಿರ ಸಲ ಮಾಡುವ ಕೆಲಸವನ್ನು ಅವಳ ಕೈ ತಾನಾಗಿಯೇ ಮಾಡಿತು. ಬಾಟಲಿ ತಲೆಕೆಳಗಾಯಿತು. ಒಂದು, ಎರಡು, ಮೂರು.

“ನೋಡಿ. ಮೇಲಕ್ಕೆ ಹೋಗ್ತಿರೋದು ಗುಳ್ಳೆ. ಧೂಳಾದ್ರೆ ಅಲ್ಲಲ್ಲೇ ಸುತ್ತುತ್ತೆ. ನೆಟ್ಟಗೆ ಕೆಳಗೆ ಬಿತ್ತಲ್ಲ, ಮಿಂಚಿ? ಅದು ಗಾಜು.”

ದಂತವೈದ್ಯ ಎದ್ದು ಬಂದು ಬಾಟಲಿಯ ಕತ್ತಿಗೆ ಮೂಗು ತಾಗಿಸಿದ. ಉಗುರಿನ ಸಿಪ್ಪೆಯಷ್ಟು ತೆಳುವಾದ ಎರಡು ಚೂರು ಬಿರಡೆಯ ಮೇಲೆ ಕೂತಿದ್ದವು.

“ಗುಳ್ಳೆ ಕಣ್ರೀ ಅದು!” ಕಲಕಪ್ಪನ ಸ್ವರ ಕೀರಲಾಯಿತು. “ಒಳ್ಳೆ ಜಿನ್ನಲ್ಲಿ ಹಾಗೇ ಇರುತ್ತೆ.”

“ಕೆಳಗೆ ಬೀಳೋ ಗುಳ್ಳೆನಾ?” ಎಂದ ದಂತವೈದ್ಯ. ಹೆಂಡತಿಯ ಕೈಯಿಂದ ಗ್ಲಾಸು ತೆಗೆದು ದೂರ ಇಟ್ಟ.

“ನಾನು ತಂದಾಗ ಇದಕ್ಕೆ ಸೀಲಿತ್ತಪ್ಪ,” ಎಂದ ಷಡ್ಡಕ, ಯಾರನ್ನೂ ನೋಡದೆ.

ಕಲಕಪ್ಪ ತಂಗಿಯತ್ತ ತಿರುಗಿದ. ನಗು ಮುಖದ ಮೇಲೆ ಹಳೆಯ ಸುಣ್ಣದಂತೆ ಅಲ್ಲಲ್ಲಿ ಉಳಿದಿತ್ತು. “ನೋಡಮ್ಮ, ನೀನು ತಿಳಿದೋಳು. ಗುಳ್ಳೆ ಅಂತ ಇವರಿಗೆ ಹೇಳು. ಸಹಿ ಹಾಕು. ನಾಳೆ ಬೆಳಗ್ಗೆ ನೀಲಿ ಕೋಟು ಹಾಕ್ಕೊಂಡು ಬಾ. ಆಯ್ತಾ?”

ತಂಗಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು. ಕಾಗದದ ಕಡೆ ನೋಡಲಿಲ್ಲ. ಬಗ್ಗಿ, ಪೆಟ್ಟಿಗೆಯಿಂದ ಟಾನಿಕ್ ಬಾಟಲಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ನಿಲ್ಲಿಸಿದಳು. ಖಾಲಿ ಬಾಟಲಿಗಳನ್ನು ಹಾಗೇ ಬಿಟ್ಟಳು. ಪೆಟ್ಟಿಗೆಯನ್ನೆತ್ತಿ ಸೊಂಟಕ್ಕೆ ಆನಿಸಿಕೊಂಡಳು, ಕೆಂಪು ಚೂರು ಹೊರಗೆ ಕಾಣುವ ಹಾಗೆ.

“ಅದನ್ನೆಲ್ಲಿಗೆ?”

“ವಿಚಾರಣೆಗೆ.”

“ಕಾರ್ಖಾನೆ ಮಾಲು ಅದು! ಕಳ್ಳತನ ಅಂತ ಬರೆಸ್ತೀನಿ!”

“ಬರೆಸಿ. ಎಲ್ಲಿ ಸಿಕ್ತು ಅಂತಾನೂ ಬರೆಸಿ.”

ದಂತವೈದ್ಯ ಬಾಗಿಲಿನ ದಾರಿ ಬಿಟ್ಟು ಸರಿದು ನಿಂತ. ಕಲಕಪ್ಪ ಕಟ್ಟೆಯ ಹಿಂದಿನಿಂದ, ಕೈಯಲ್ಲಿ ಇನ್ನೂ ಉದ್ದನೆಯ ಚಮಚ ಹಿಡಿದು ಅರಚಿದ: “ಪೆಟ್ಟಿಗೆ ಕೆಳಗಿಡು!”

“ಇಡಲ್ಲ,” ಎಂದಳು ತಂಗಿ.